ಇಳಿಯುವಾಗ ಕೇಳಿ

ಟಿಕೆಟ್ಟಿನ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ
ಎರಡು, ಏಳು, ಹನ್ನೆರಡು ಎಂದು ಗೀಚಿ
‘ಇಳಿಯುವಾಗ ಕೇಳಿ’ ಅನ್ನುತ್ತೇನೆ.
ಹಾಸನ ಡಿಪೋದ ಹದಿನಾಲ್ಕು ವರ್ಷದಲ್ಲಿ
ನಾನು ಅತಿ ಹೆಚ್ಚು ಸಲ ಆಡಿದ ಮಾತು ಇದೇ.
ಪರಲೋಕ ಮಂತ್ರ ಆಮೇಲೆ.

ಅರ್ಧ ಜನ ಕೇಳುವುದಿಲ್ಲ.
ನಿದ್ದೆಗಣ್ಣಲ್ಲಿ ಎದ್ದು, ಮಗುವನ್ನು ಸೊಂಟಕ್ಕೇರಿಸಿ,
ಚಪ್ಪಲಿ ಹುಡುಕುತ್ತ ಇಳಿದುಹೋಗುತ್ತಾರೆ.
ಅವರ ಚಿಲ್ಲರೆ ನನ್ನ ಚರ್ಮದ ಚೀಲದಲ್ಲೇ ಉಳಿದು
ಸಂಜೆ ಟೀ ಆಗುತ್ತದೆ, ಒಂದು ವಡೆ ಆಗುತ್ತದೆ.
ಮಂಗಳವಾರ ಸಂತ ಅಂತೋಣಿಯವರ ಡಬ್ಬಿಗೆ
ಹತ್ತು ರೂಪಾಯಿ ಹಾಕುವಾಗ
ಯಾರ ದುಡ್ಡಮ್ಮ ಇದು ಎಂದು ಅವರೂ ಕೇಳಿದ್ದಿಲ್ಲ,
ಕಳೆದದ್ದನ್ನು ಹುಡುಕಿಕೊಡುವವರೇ ಆದರೂ.

ಆವತ್ತು ವಿಭೂತಿ ಬುಧವಾರ.
ಆರು ಗಂಟೆಯ ಪೂಜೆ. ಹಣೆಯ ಮೇಲೆ
ಫಾದರ್ ಹೆಬ್ಬೆರಳು ಮಣ್ಣಿನ ಮಾತು ಹೇಳುತ್ತಿದ್ದಾಗ
ನಾನು ಗಡಿಯಾರ ನೋಡಿಕೊಂಡೆ.
ಏಳು ಹತ್ತಕ್ಕೆ ಚಿಕ್ಕಮಗಳೂರು ಗಾಡಿ.
ಖಾಕಿಯ ಮೇಲೆ ಬೂದಿ ಉದುರಿತ್ತು, ಕೊಡವಿಕೊಂಡೆ.
‘ಶಿವರಾತ್ರಿ ಮುಗೀತಲ್ಲ, ಲೂರ್ದಮ್ಮ’ ಎಂದು
ಡ್ರೈವರ್ ಜವರೇಗೌಡ ನಕ್ಕ.

ಎರಡನೇ ಸಾಲಿನಲ್ಲಿ ಮುದುಕಿ. ಬೇಲೂರಿಗೆ.
ಹೆಂಗಸರಿಗೆ ಬಿಟ್ಟಿ, ಆಧಾರ್ ತೋರಿಸಿದರೆ ಸಾಕು.
ಅವಳ ಹತ್ತಿರ ಇರಲಿಲ್ಲ.
‘ಸೊಸೆ ಮಡಗವ್ಳೆ ಕಣವ್ವ, ಬೀರುವಿನಾಗೆ.
ನನ್ನ ಮೊಕ ನೋಡಿದ್ರೆ ಗೊತ್ತಾಗಾಕಿಲ್ವಾ
ಈ ಸೀಮೆಯೋಳೇ ಅಂತ?’
ಗೊತ್ತಾಗುತ್ತಿತ್ತು.
ಇಂಥದ್ದಕ್ಕೇ ಹಿಂದಿನ ವಾರ ಚೆಕಿಂಗ್‌ನವರು
ಗಿರಿಜಾಂಬಗೆ ಮೆಮೊ ಕೊಟ್ಟದ್ದೂ ಗೊತ್ತಿತ್ತು.

ಸೆರಗಿನ ಗಂಟು ಬಿಚ್ಚಿದಳು.
ಎಲೆಯಡಿಕೆ ವಾಸನೆಯ ನಲವತ್ತು ರೂಪಾಯಿ.
ನಲವತ್ತಕ್ಕೆ ಬೇಲೂರು ಬರುವುದಿಲ್ಲ, ಹಗರೆ ಬರುತ್ತದೆ.
ಮೂವತ್ತೆಂಟರ ಟಿಕೆಟ್ಟು ಹರಿದು
ಬೆನ್ನ ಮೇಲೆ ಎರಡು ಎಂದು ಬರೆದೆ.
ಇಳಿಯುವಾಗ ಕೇಳಿ.

ಹಗರೆಯಲ್ಲಿ ಇಳಿದಳು. ಕೇಳಲಿಲ್ಲ.
ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ,
ನನ್ನ ಹಣೆ ನೋಡಿ ನಿಂತಳು.
‘ಈಬತ್ತಿ ಇಕ್ಕಂಡಿದ್ದೀಯ.
ದೇವ್ರು ನಿನ್ನ ತಣ್ಣಗೆ ಮಡಗ್ಲಿ.’

ವಿಶಲ್ ಹೊಡೆದೆ.
ಯಗಚಿ ಸೇತುವೆ ದಾಟುವಷ್ಟರಲ್ಲಿ
ಬೆವರಿಗೆ ಶಿಲುಬೆ ಕದಡಿ ಹುಬ್ಬಿಗಿಳಿದಿತ್ತು.

ಪಾಪನಿವೇದನೆಯಲ್ಲಿ ಹೇಳಿದ್ದು:
ಎರಡು ಭಾನುವಾರ ಪೂಜೆ ತಪ್ಪಿತು, ಡ್ಯೂಟಿ ಸ್ವಾಮಿ.
ಅತ್ತೆಗೆ ಎದುರಾಡಿದೆ.
ಶುಕ್ರವಾರ ಅಂತ ಮರೆತು ಕೋಳಿಸಾರಿಗೆ ಮುದ್ದೆ ಮುರಿದೆ.
ಹಗರೆ ಬಾಯಿಗೆ ಬರಲಿಲ್ಲ.
ಹೇಗೆ ಬರಬೇಕು, ತಪ್ಪೆಲ್ಲಿದೆ ಅದರಲ್ಲಿ?
ಕೊಟ್ಟ ದುಡ್ಡಿಗೆ ಸರಿಯಾದ ಟಿಕೆಟ್ಟು,
ಮಷೀನಿನ ಲೆಕ್ಕ ತಾಳೆಯಾಗಿದೆ, ಗುಮಾಸ್ತ ಸಹಿ ಹಾಕಿದ್ದಾನೆ.
ನನ್ನ ಅಂಗಿಯ ಜೇಬಿನಲ್ಲಿ ನನ್ನದೇ
ಅರವತ್ತು ರೂಪಾಯಿ ಇತ್ತೆಂದು
ಯಾವ ಮಷೀನು ಕೇಳುತ್ತದೆ?

ಪ್ರಭುವೇ, ನನ್ನನ್ನು ನೀನು ಬಿಟ್ಟಿ ಹತ್ತಿಸಿಕೊಂಡೆ.
ಮೂರು ತಿಂಗಳ ಕೂಸು, ಅಜ್ಜಿ ಆರೋಗ್ಯಮ್ಮನ ತೋಳಲ್ಲಿ;
ತಲೆಗೆ ನೀರು ಬಿದ್ದಾಗ ಅತ್ತದ್ದು ಬಿಟ್ಟರೆ
ನಾನು ಯಾವ ಕಾರ್ಡು ತೋರಿಸಿದ್ದೆ?
ನನ್ನ ಟಿಕೆಟ್ಟಿನ ಬೆನ್ನ ಮೇಲೂ ನೀನು
ಏನೋ ಗೀಚಿರಬೇಕು.
ತಿರುಗಿಸಿ ನೋಡಲು ಕೈ ಬರುತ್ತಿಲ್ಲ.

ಈಗ ಎರಡು ರೂಪಾಯಿಯ ನಾಣ್ಯವೊಂದನ್ನು
ಚೀಲಕ್ಕೆ ಹಾಕದೆ ಜೇಬಿನಲ್ಲಿ ಬೇರೆ ಇಟ್ಟಿದ್ದೇನೆ.
ಅಂಗಿ ಒಗೆಯುವ ದಿನ ತೆಗೆದು, ಇಸ್ತ್ರಿಯಾದ ಮೇಲೆ ಮತ್ತೆ.
ಒಂದು ಸಂಜೆ ಟೀಗೆ ಕಡಿಮೆ ಬಿದ್ದು
ಅದಕ್ಕೂ ಕೈ ಹೋಗಿತ್ತು.
ಹೋಗಿತ್ತು, ಸುಳ್ಳು ಹೇಳುವುದಿಲ್ಲ.

ಹಗರೆಯಲ್ಲಿ ದಿನಾ ತಲೆ ಹೊರಗೆ ಹಾಕಿ ನೋಡುತ್ತೇನೆ.
ಹೂವಿನವಳು. ಕಾಲೇಜು ಹುಡುಗರು. ಹಾಲಿನ ಕ್ಯಾನು.
ವಿಶಲ್ ಬಾಯಲ್ಲೇ ಇರುತ್ತದೆ.
‘ಯಾರಾದ್ರೂ ಬರೋರವ್ರಾ?’
ಕನ್ನಡಿಯೊಳಗಿಂದ ಜವರೇಗೌಡ.

‘ಯಾರೂ ಇಲ್ಲ’ ಅನ್ನುತ್ತೇನೆ.
ರೈಟ್ ಅನ್ನಲು
ಇನ್ನೊಂದು ಗಳಿಗೆ ಹಿಡಿಯುತ್ತದೆ.